ಭರಮಪ್ಪ ರೇಡಿಯೋ ತಂದದ್ದು

ಪೀಣ್ಯದ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಹದಿನಾರು ವರ್ಷ ದುಡಿದ ಭರಮಪ್ಪನಿಗೆ ಉಳಿದಿದ್ದದ್ದು ಒಂದೇ ಆಸೆ: ಹೆಂಡತಿ ಮಹಾನಂದಾ ಮತ್ತೆ ಹಾಡಬೇಕು. ಜೊತೆಯವರಲ್ಲಿ ಒಬ್ಬ ಸೈಟು ಅನ್ನುತ್ತಿದ್ದ, ಇನ್ನೊಬ್ಬ ಬೈಕು ಅನ್ನುತ್ತಿದ್ದ, ಮತ್ತೊಬ್ಬ ಊರಿನ ಮನೆಗೆ ಆರ್‌ಸಿಸಿ ಹಾಕಿಸಬೇಕು ಅಂತ ಹಲುಬುತ್ತಿದ್ದ. ಇವನದು ನೋಡಿದರೆ ಇಷ್ಟೇ. ಇಷ್ಟೇ ಅಂತ ಹೊರಗೆ ನಿಂತವರು ಸಲೀಸಾಗಿ ಅನ್ನುತ್ತೇವೆ, ಬಿಡಿ.

ಅವನು ಅವಳನ್ನು ಮದುವೆಯಾದದ್ದೇ ಆ ದನಿಗೆ. ಕುಷ್ಟಗಿ ಕಡೆಯ ಹಳ್ಳಿಯಲ್ಲಿ ಸೋದರಮಾವನ ಮನೆ ಮದುವೆ. ಭರಮಪ್ಪ ಹಂದರದ ಮೇಲೆ ಹತ್ತಿ ಹಗ್ಗ ಬಿಗಿಯುತ್ತಿದ್ದ. ಕೆಳಗೆ ಹೆಣ್ಣುಮಕ್ಕಳು, ನಾಲ್ಕು ಮೂಲೆಗೆ ಕೊಡವಿಟ್ಟು ದಾರ ಸುತ್ತಿದ ಸುರಗಿಯ ಸುತ್ತ ಕೂತು ಸೋಬಾನ ಹೇಳುತ್ತಿದ್ದರು. ಎಂಟು ಹತ್ತು ಗಂಟಲುಗಳ ನಡುವೆ ಒಂದು ಗಂಟಲು ಮಾತ್ರ ಬೇರೆ ಇತ್ತು. ಇವನು ಹಗ್ಗ ಬಿಟ್ಟು ಕಿವಿಗೊಟ್ಟ, ಹಂದರ ಒಂದು ಕಡೆ ಜಗ್ಗಿತು, ಮಾವ ಕೆಳಗಿನಿಂದ ಬಾಯಿಗೆ ಬಂದದ್ದು ಬೈದ. ಹುಡುಗಿಗೆ ತಂದೆ ಇಲ್ಲ, ಕೊಡಲು ಬಿಡಲು ಏನೂ ಇಲ್ಲ ಅಂತ ಅವ್ವ ಮುಖ ಸಿಂಡರಿಸಿದಳು. ಇವನು ಮಾತ್ರ ಆದರೆ ಅವಳೇ, ಇಲ್ಲದಿದ್ದರೆ ಮದುವೆಯೇ ಬೇಡ ಅಂತ ಪಟ್ಟು ಹಿಡಿದು ಕೂತ.

ಮದುವೆಯಾದ ವರ್ಷವೇ ಇಬ್ಬರೂ ಬೆಂಗಳೂರು ಸೇರಿದರು. ರಾಜಗೋಪಾಲನಗರದಲ್ಲಿ ವೆಂಕಟಮ್ಮ ಎಂಬಾಕೆಯ ವಠಾರದ ಮನೆ ಬಾಡಿಗೆಗೆ ಸಿಕ್ಕಿತು. ಸುತ್ತ ಶೆಡ್ಡುಗಳು ಏಳುವ ಮುಂಚೆ ರಾಗಿ ಬೆಳೆಯುತ್ತಿದ್ದ ಮನೆತನ ವೆಂಕಟಮ್ಮನದು. ಹೊಲ ಹೋಗಿ ಬಾಡಿಗೆ ಮನೆಗಳ ಸಾಲು ಬಂದರೂ ಹಟ ಹಿಡಿದು ಒಂದು ಹಸು ಮಾತ್ರ ಇಟ್ಟುಕೊಂಡಿದ್ದಳು. ಭರಮಪ್ಪನಿಗೆ ಸಿಕ್ಕಿದ್ದು ಒಂದೇ ಕೋಣೆ. ಅಡುಗೆ, ಊಟ, ನಿದ್ದೆ ಎಲ್ಲ ಅದರಲ್ಲೇ. ಬೆಳಗಿನ ಐದಕ್ಕೆ ಮಹಾನಂದಾ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯಲು ಕೂತರೆ ಅದರ ತಾಳಕ್ಕೇ ಹಾಡು ಶುರು. ಎಚ್ಚರವಾಗಿದ್ದರೂ ಭರಮಪ್ಪ ಕೌದಿಯೊಳಗೆ ಕಣ್ಣು ಮುಚ್ಚಿ ಮಲಗಿರುತ್ತಿದ್ದ, ಎದ್ದರೆ ಎಲ್ಲಿ ನಿಲ್ಲಿಸುತ್ತಾಳೋ ಅಂತ. ಚೆಂದ ಹಾಡುತ್ತೀ ಅಂತ ಬಾಯಿಬಿಟ್ಟು ಹೇಳಿದವನಲ್ಲ. ಹೆಂಡತಿಯನ್ನು ಹೊಗಳುವ ರೂಢಿ ಅವರ ಮನೆಯಲ್ಲೇ ಇರಲಿಲ್ಲ. ಅದೂ ಒಂದು ರೂಢಿಯೇ, ಸುಡುಗಾಡು!

ಏಳು ವರ್ಷ ಕಾದ ಮೇಲೆ ಹೆಣ್ಣು ಮಗು ಹುಟ್ಟಿತು. ಶೈಲಾ ಅಂತ ಹೆಸರಿಟ್ಟರು. ಹನ್ನೊಂದು ತಿಂಗಳಿಗೆ ಜ್ವರ ಬಂತು. ಜ್ವರ ನೆತ್ತಿಗೇರಿದ ಮಧ್ಯಾಹ್ನ ಭರಮಪ್ಪ ಕಾರ್ಖಾನೆಯಲ್ಲಿದ್ದ. ವೆಂಕಟಮ್ಮ ಅಂಗಡಿಯಿಂದ ಕಾರ್ಖಾನೆಗೆ ಮೂರು ಸಲ ಫೋನ್ ಮಾಡಿದಳು. ಪ್ರೆಸ್ಸುಗಳ ಸದ್ದಿನಲ್ಲಿ ಆ ಫೋನು ಯಾರಿಗೂ ಕೇಳಿಸಲಿಲ್ಲ. ಸಂಜೆ ಶಿಫ್ಟ್ ಮುಗಿಸಿ ಕೈಯಲ್ಲಿ ಬಿಸ್ಕತ್ತು ಹಿಡಿದು ಬಂದರೆ, ವಠಾರದವರೆಲ್ಲ ಇವನ ಬಾಗಿಲಲ್ಲಿ ನಿಂತಿದ್ದರು.

ಅಂದಿನಿಂದ ಮಹಾನಂದಾಳ ಹಾಡು ನಿಂತಿತು. ನಿಲ್ಲದೆ ಇನ್ನೇನು? ತಿಂಗಳು ಹೋಗಲಿ, ವರ್ಷ ಹೋಗಲಿ, ತಾನಾಗಿ ಬರುತ್ತದೆ ಅಂತ ಅವನು ಕಾದ. ವರ್ಷಗಳು ಹೋದವು, ಹಾಡು ಬರಲಿಲ್ಲ. ಯಾಕೆ ಹಾಡುವುದಿಲ್ಲ ಅಂತ ಕೇಳಲು ಅವನಿಗೆ ಮುಖವಿರಲಿಲ್ಲ. ಕೇಳಿದರೆ, ಆ ಮಧ್ಯಾಹ್ನ ನೀವೆಲ್ಲಿದ್ದಿರಿ ಅಂದುಬಿಟ್ಟರೆ? ತನಗೆ ಬಿದ್ದ ಶಿಕ್ಷೆ ಇದು, ಅನುಭವಿಸಬೇಕು ಅಂದುಕೊಂಡು ಸುಮ್ಮನಾದ.

ಅವನು ದುಡಿಯುವ ಶೆಡ್ಡಿನ ಮಾತು ಸ್ವಲ್ಪ ಹೇಳಬೇಕು. ಅಲ್ಲಿ ಹನ್ನೆರಡು ಪವರ್ ಪ್ರೆಸ್ಸುಗಳು. ತಗಡು ಇಡು, ಪೆಡಲ್ ಒತ್ತು, ಧಡ್. ಒಂದು ಶಿಫ್ಟಿಗೆ ಒಬ್ಬೊಬ್ಬ ನಾಲ್ಕು ಸಾವಿರ ಸಲ ಧಡ್ ಅನ್ನಿಸಬೇಕು. ಕಿವಿಗೆ ಇಡಲು ಅಂತ ಕಂಪನಿ ಏನೂ ಕೊಟ್ಟಿರಲಿಲ್ಲ, ಕೈ ಒರೆಸುವ ದಾರದ ಉಂಡೆಯಿಂದ ಚೂರು ಕಿತ್ತು ತುರುಕಿಕೊಳ್ಳುತ್ತಿದ್ದರು. ಮಾತಾಡಬೇಕೆಂದರೆ ದನಿಯ ಗೊಡವೆಯೇ ಇಲ್ಲ, ತುಟಿ ನೋಡಿ ತಿಳಿದುಕೊಳ್ಳುವುದು. ಸಂಗಣ್ಣ ಎನ್ನುವವನು ಆ ತುದಿಯಲ್ಲಿ ನಿಂತು ದನಿಯೇ ಇಲ್ಲದೆ ಪೋಲಿ ಜೋಕು ಹೇಳಿದರೆ ಈ ತುದಿಯವರು ಹೊಟ್ಟೆ ಹಿಡಿದು ನಗುತ್ತಿದ್ದರು. ಇಂಥ ಜಾಗದಲ್ಲಿ ಯಾರ ಕಿವಿ ಎಷ್ಟು ಹೋಗಿದೆ ಅನ್ನುವುದು ಯಾರಿಗೆ ಗೊತ್ತಾಗಬೇಕು? ಹೋದವನಿಗೇ ಗೊತ್ತಾಗುವುದಿಲ್ಲ. ಕಿವಿಯೇನು ಒಂದು ದಿನ ಕಳಚಿ ಕೆಳಗೆ ಬೀಳುತ್ತದೆಯೇ? ದಿನಕ್ಕೆ ಒಂದು ಎಳೆ ಹೋಗುತ್ತದೆ. ಮನೆಯಲ್ಲೂ ಹಾಗೇ ಆಯಿತು. ಎದುರು ನಿಂತು ಮಾತಾಡಿದರೆ ಭರಮಪ್ಪ ಟಕ್ಕನೆ ಉತ್ತರ ಕೊಡುತ್ತಿದ್ದ. ಹಿಂದಿನಿಂದ ಕರೆದರೆ ಓಗೊಡುತ್ತಿರಲಿಲ್ಲ. "ಎಷ್ಟ ಸಲ ಕರೀಬೇಕ್ರೀ ನಿಮ್ಮನ್ನ?" ಅಂತ ಮಹಾನಂದಾ ಬಂದು ಭುಜ ತಟ್ಟುತ್ತಿದ್ದಳು. ದುಡಿದು ದಣಿದಿದ್ದಾನೆ, ಲಕ್ಷ್ಯ ಎಲ್ಲೋ ಇದೆ ಅಂತ ಅವಳು ತಿಳಿದಳು. ಅವನೂ ಹಾಗೇ ತಿಳಿದ.

ಹೀಗಿರುವಾಗ ಎರಡು ಸಾವಿರದ ಹನ್ನೆರಡರ ಆಯುಧಪೂಜೆ ಬಂತು. ಪ್ರೆಸ್ಸುಗಳಿಗೆಲ್ಲ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಕೆಲಸಗಾರರೆಲ್ಲ ಸಾಹುಕಾರರ ಕ್ಯಾಬಿನ್ನಿಗೆ ಸಿಹಿ ತೆಗೆದುಕೊಳ್ಳಲು ಹೋದರು. ಅಲ್ಲಿ ಮೇಜಿನ ಮೇಲೊಂದು ರೇಡಿಯೋ. ಮರದ ಪೆಟ್ಟಿಗೆ, ಮುಂದೆ ಬಟ್ಟೆಯ ಜಾಲರಿ, ದೊಡ್ಡ ದೊಡ್ಡ ಎರಡು ತಿರುಗಣೆ. ನೋಡಲು ಅಜ್ಜನ ಕಾಲದ್ದು, ಒಳಗೆಲ್ಲ ಈಗಿನದು. ಯಾವುದೋ ಹಾಡು ಬರುತ್ತಿತ್ತು. ಸಾಲಿನಲ್ಲಿ ನಿಂತ ಭರಮಪ್ಪ ಸುಮ್ಮನೆ ಮೇಜಿನ ಮೇಲೆ ಕೈಯಿಟ್ಟ. ಢೋಲಕ್ಕಿನ ಪೆಟ್ಟು ಅಂಗೈಯಿಂದ ಹತ್ತಿ ಮೊಣಕೈವರೆಗೆ ಬಂತು. ಎಷ್ಟೋ ವರ್ಷದ ಮೇಲೆ ಒಂದು ಹಾಡು ತನ್ನೊಳಗೆ ಬಂತು ಅನ್ನಿಸಿ ಅವನ ಕಣ್ಣು ತುಂಬಿದವು. ಮನೆಯ ಟೀವಿಯಲ್ಲಾಗಲಿ ಮೊಬೈಲಿನಲ್ಲಾಗಲಿ ಹಾಡು ಅಂದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಇರುತ್ತಿತ್ತು. ಆ ಸುಡುಗಾಡು ಸಾಮಾನುಗಳೇ ಸರಿಯಿಲ್ಲ, ಒಳ್ಳೆ ಸೌಂಡಿನ ಒಂದು ರೇಡಿಯೋ ಮನೆಯಲ್ಲಿದ್ದರೆ ಮಹಾನಂದಾಳ ಬಾಯಿ ತಾನಾಗಿ ಬಿಡುತ್ತದೆ, ಜೊತೆಗೂಡಿ ಒಂದು ಸಾಲಾದರೂ ಗುನುಗುತ್ತಾಳೆ ಅಂತ ಅಲ್ಲೇ ನಿಂತು ಲೆಕ್ಕ ಹಾಕಿಬಿಟ್ಟ.

ರಾಜಗೋಪಾಲನಗರದ ಮುಖ್ಯರಸ್ತೆಯಲ್ಲಿ ಗೋಪಾಲಪ್ಪನ ಅಂಗಡಿ. ರೇಡಿಯೋ ಮಾರುವುದೂ ಅಲ್ಲೇ, ರಿಪೇರಿಯೂ ಅಲ್ಲೇ. ಭರಮಪ್ಪ ಸತತ ಮೂರು ಭಾನುವಾರ ಅಲ್ಲಿಗೆ ನಡೆದ. ಮೊದಲ ವಾರ ಗೋಪಾಲಪ್ಪ ಪ್ಲಾಸ್ಟಿಕ್ಕಿನ ಎಫ್‌ಎಂ ಸೆಟ್ಟುಗಳನ್ನು ತೋರಿಸಿದ, ಇವನು ಮುಟ್ಟಲೂ ಇಲ್ಲ. ಎರಡನೆಯ ವಾರ, ನಿಮಗೆ ಬೇಕಾದ್ದು ಗೊತ್ತಾಯಿತು ಅಂತ ಹೇಳಿ ಮೂರನೆಯ ವಾರಕ್ಕೆ ಮರದ ಪೆಟ್ಟಿಗೆಯ ಎರಡು ರೇಡಿಯೋ ತರಿಸಿಟ್ಟ.

"ಅಣ್ಣ, ಕಣ್ಮುಚ್ಕೊಂಡು ಈ ಚಿಕ್ಕದು ತಗೊಳ್ಳಿ," ಅಂದ ಗೋಪಾಲಪ್ಪ. "ವಾಯ್ಸ್ ಅಂದ್ರೆ ವಾಯ್ಸು! ಹಾಡೋರು ಉಸ್ರು ಎಳ್ಕೊಳ್ಳೋದೂ ಕೇಳ್ಸತ್ತೆ."

ಭರಮಪ್ಪ ಅದರ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಪ್ರೆಸ್ಸಿಗೆ ಹೊಸ ಡೈ, ಅಂದರೆ ತಗಡು ಒತ್ತುವ ಅಚ್ಚು, ಕೂರಿಸಿದಾಗ ಅವನು ಮಾಡುವುದೇ ಹಾಗೆ. ಅಂಗೈ ಇಟ್ಟರೆ ಸಾಕು, ಡೈ ಒಂದು ಕೂದಲೆಳೆ ಸಡಿಲವಿದ್ದರೂ ಹೇಳುತ್ತಿದ್ದ. ಅದಕ್ಕಾಗಿಯೇ ಶೆಡ್ಡಿನಲ್ಲಿ ಅವನಿಗೆ ಮರ್ಯಾದೆ.

"ಏನಣ್ಣ, ಜ್ವರ ನೋಡ್ತಿದೀರಾ?" ಗೋಪಾಲಪ್ಪ ನಕ್ಕ.

"ಇದರಾಗ ಏನೂ ಬರವಲ್ದ್ರೀ. ಬರೇ ಗುಂಯ್ ಅಂತೈತಿ. ಆ ದೊಡ್ಡದು ಹಚ್ಚರಿ."

"ಅದು ಬೇಡ ಅಣ್ಣ, ಅಂದಕ್ಕೆ ಇಟ್ಕೊಳ್ಳೋದು ಅದು. ಬೇಸ್ ಜಾಸ್ತಿ. ಹಾಡೋರ ಗಂಟ್ಲು ಕೆಳಗೆ ಕೂತ್ಬಿಡತ್ತೆ, ಬರೀ ಡಬಡಬ." ಹಾಗೆನ್ನುತ್ತಲೇ ಅದನ್ನೂ ಹಚ್ಚಿದ.

ಭರಮಪ್ಪ ಅಂಗೈ ಇಟ್ಟ. ಮುಖ ಅರಳಿತು. "ಇನ್ನೂ ಏರಸ್ರಿ," ಅಂದ. "ಇನ್ನೂ." ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಏರಿಸಿದ ಮೇಲೆ, "ಹಾಂ! ಇದ ಇರ್ಲಿ. ಹಾಡು ಇರೂದು ಇದರಾಗ," ಅಂದ.

ಗೋಪಾಲಪ್ಪ ಅವನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ರಟ್ಟಿನ ಡಬ್ಬ ಹುಡುಕಲು ಮೇಜಿನ ಕೆಳಗೆ ಬಗ್ಗಿ, ಎದುರಿಗೆ ಹೇಳಲು ಸಂಕೋಚವಾಗುವ ಮಾತನ್ನು ಅಲ್ಲಿಂದಲೇ ಹೇಳಿದ: "ಅಣ್ಣ, ತಪ್ಪು ತಿಳ್ಕೋಬೇಡಿ. ಒಂದ್ಸಲ ಕಿವಿ ಡಾಕ್ಟ್ರಿಗೆ ತೋರಿಸ್ಕೊಂಡ್ಬಿಡಿ." ಡಬ್ಬದ ಜೊತೆ ಮೇಲೆದ್ದು, "ಏನಂತೀರಾ?" ಅಂದ.

"ಹೂಂ, ಕಟ್ಟಿಬಿಡ್ರಿ," ಅಂದ ಭರಮಪ್ಪ. ಬಗ್ಗಿದವನ ತುಟಿ ಅವನಿಗೆಲ್ಲಿ ಕಾಣಬೇಕು! ಮಾತು ಒಪ್ಪಿಕೊಂಡ ಅಂತ ತಿಳಿದು ಗೋಪಾಲಪ್ಪನೂ ನೆಮ್ಮದಿಯಿಂದ ಡಬ್ಬ ಕಟ್ಟಿದ.

ರೇಡಿಯೋ ಮನೆಗೆ ಬಂದಾಗ ಮಹಾನಂದಾ ಅದರ ಮರವನ್ನು ಸೆರಗಿನಿಂದ ಒರೆಸಿದಳು. "ಚಂದೈತ್ರಿ," ಅಂದಳು. ಆ ಒಂದು ಮಾತಿಗೇ ಭರಮಪ್ಪ ಹಿಗ್ಗಿ ಹೋದ. ಮಾರನೆಯ ದಿನದಿಂದ ಬೆಳಗ್ಗೆ ಐದಕ್ಕೆ ಅವನು ಏಳುವುದೇ ರೇಡಿಯೋ ಹಚ್ಚಲು. ಹಚ್ಚಿ, ತಿರುಗಣೆಯನ್ನು ಕೊನೆಯವರೆಗೂ ತಿರುಗಿಸಿ, ಚಹಾ ಹಿಡಿದು ಕೂರುತ್ತಿದ್ದ. ಮಹಾನಂದಾ ಮೊದಲ ದಿನ ಕಿವಿ ಮುಚ್ಚಿಕೊಂಡಳು. ಎರಡನೆಯ ದಿನ, "ಸ್ವಲ್ಪ ಸಣ್ಣಗ ಮಾಡ್ರಿ," ಅಂದಳು. ಅವನ ಮುಖ ಸಪ್ಪಗಾದದ್ದು ಕಂಡು, ಪಾಪ, ಆಸೆಪಟ್ಟು ತಂದಿದ್ದಾನೆ ಅಂತ ಆಮೇಲೆ ಸುಮ್ಮನಾದಳು. ಅವನು ಮಾತ್ರ ಅವಳು ಈಚೆ ತಿರುಗಿದಾಗಲೆಲ್ಲ ತುಟಿ ನೋಡುತ್ತಿದ್ದ. ಅಲುಗುತ್ತದೆಯೋ? ಇಲ್ಲ. ಎರಡು ವಾರ ಕಳೆದರೂ ತುಟಿ ಅಲುಗಲಿಲ್ಲ. ಇನ್ನು ಇವಳ ಹಾಡು ಬರುವುದಿಲ್ಲ, ತನ್ನ ತಪ್ಪಿಗೆ ಮಾಫಿ ಇಲ್ಲ ಅಂತ ಅವನಿಗೆ ಖಾತ್ರಿಯಾಗತೊಡಗಿತು. ಡ್ಯೂಟಿಗೆ ಹೋಗುವಾಗ ಚಪ್ಪಲಿ ಮೆಟ್ಟಲೂ ಮನಸ್ಸಾಗುತ್ತಿರಲಿಲ್ಲ.

ರೇಡಿಯೋ ಬಂದ ಮೇಲಿನ ಮೂರನೆಯ ಭಾನುವಾರ ವೆಂಕಟಮ್ಮ ಹಾಲಿನ ಚೊಂಬು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು. ಮಹಾನಂದಾ ನೀರಿಗೆ ಬೋರಿನ ಹತ್ತಿರ ಹೋಗಿದ್ದಳು. ವೆಂಕಟಮ್ಮ ಒಳಗೆ ಬಂದು ತಾನೇ ರೇಡಿಯೋ ಆರಿಸಿದಳು.

"ಅಲ್ಲ ಕಣಪ್ಪ ಭರ್ಮಪ್ಪ, ವತ್ತಾರೆ ಎದ್ದೇಟ್ಗೆ ಏನಪ್ಪ ಈ ಡಬ್ಬ ಬಡ್ಕಳೋದು! ಗೋಡೆ ಎಲ್ಲ ಅದುರ್ತವೆ. ಇದು ಬಂದ್ಮ್ಯಾಕೆ ನಿನ್ನೆಂಡ್ರು ಆಡೋದ್ನೇ ಬುಟ್ಬುಟ್ಟವ್ಳೆ."

"ಆಡೂದು? ಆಕಿ ಏನ್ ಆಡ್ತಿದ್ಲ್ರೀ ಅಮ್ಮಾರ?" ಭರಮಪ್ಪನಿಗೆ ಅರ್ಥವಾಗಲಿಲ್ಲ. ಅವನ ಊರಲ್ಲಿ ಆಡುವುದೆಂದರೆ ಕುಂಟಾಟ, ಕವಡೆಯಾಟ.

"ಆಡೋದು ಕಣೋ, ಆಡು!"

"ಆಟಾನ್ರೀ?"

"ಥೂ ನಿನ್ನ! ಆಟ ಅಲ್ಲ ಕಣ್ಲಾ, ಆಡು! ಬಾಯಲ್ಲಿ ಆಡೋ ಆಡು. ಪದ, ಪದ! ದಿನಾ ಪದ ಏಳೋಳಲ್ಲ, ಅದು. ನಾನು ಅಸ ಕರೀತಾ ಕೇಳ್ತಿದ್ದೆ. ಅಸಾನೂ ಕಿವಿ ನಿಮಿರಿಸ್ಕಂಡು ಸುಮ್ಕೆ ನಿಂತ್ಕಳೋದು. ಈಗ ನೋಡು, ಕರಿಯಾಕೆ ಓದ್ರೆ ಒದೀತದೆ."

ಪದ ಅನ್ನುವುದು ಅವನ ಊರಿನ ಮಾತೂ ಹೌದು. ಭರಮಪ್ಪ ಚಹಾದ ಕಪ್ಪು ಕೆಳಗಿಟ್ಟ. "ಯಾವಾಗಿಂದ್ರೀ?" ಅಂದ.

"ಯಾವಾಗಿಂದ ಅಂದ್ರೆ? ನೀವು ಬಂದಾಗಿಂದ್ಲೂವೆ. ಕೂಸು ತೀರ್ಕಂಡಾಗ ಒಂದೀಟು ದಿನ ನಿಲ್ಸಿದ್ಲು. ಆಮ್ಯಾಕೆ ತಿರ್ಗಾ ಸುರು ಮಾಡ್ಕಂಡ್ಲು. ಅಲ್ಲಿಂದೀಚೆಗೇ ಎಂಟು ವರ್ಸ ಆಯ್ತು, ಕೇಳ್ತಾನೇ ಇವ್ನಿ ಕಣಪ್ಪ."

ವೆಂಕಟಮ್ಮ ಹೋದಳು. ಭರಮಪ್ಪ ಕೂತಲ್ಲೇ ಕುದಿಯತೊಡಗಿದ. ಎಂಟು ವರ್ಷದಿಂದ ಹಾಡುತ್ತಿದ್ದಾಳೆ! ಅಂದರೆ ತಾನು ಡ್ಯೂಟಿಗೆ ಹೋಗುವುದನ್ನು ಕಾದು, ಬೆನ್ನು ತಿರುಗಿಸಿದ ಮೇಲೆ ಹಾಡುತ್ತಿದ್ದಾಳೆ. ಓನರಮ್ಮನಿಗೆ ಹಾಡು ಉಂಟು, ಹಸುವಿಗೆ ಹಾಡು ಉಂಟು, ಹಾಡಿಗಾಗಿಯೇ ಕಟ್ಟಿಕೊಂಡ ಗಂಡನಿಗೆ ಮಾತ್ರ ಇಲ್ಲ. ಶಿಕ್ಷೆ ಅಂದರೆ ಇಷ್ಟು ಲೆಕ್ಕಾಚಾರದ ಶಿಕ್ಷೆಯೇ?

ಮಹಾನಂದಾ ಕೊಡ ಇಳಿಸುವ ಮುಂಚೆಯೇ ಎರಗಿದ. "ನಾ ಯಾವಾಗ ಹೊರಗ ಹೋದೇನು ಅಂತ ಕಾಯ್ತಿ ಹೌದಲ್ಲ? ದನದ ಮುಂದ ಹಾಡ್ತಿ, ಗಂಡನ ಮುಂದ ಬಾಯಿ ಹೊಲಕೊಂಡು ಕುಂದರ್ತಿ!"

"ಏನಂತೀರಿ?"

"ವೆಂಕಟಮ್ಮಾರು ಎಲ್ಲಾ ಹೇಳ್ಯಾರ. ಎಂಟು ವರ್ಷ ಆತು, ಒಂದ ಪದ ನನ್ನ ಕಿವಿಗಿ ಬೀಳಗೊಟ್ಟಿಲ್ಲ ನೀ. ನಾ ತಪ್ಪ ಮಾಡೀನಿ, ಖರೆ. ಆ ದಿನ ನಾ ಬರಬೇಕಿತ್ತು. ಅದಕ್ಕ ಇಷ್ಟು ಹಗೆ ಸಾಧಿಸ್ತಾರೇನ?"

ಮಹಾನಂದಾ ಕೊಡವನ್ನು ನೆಲಕ್ಕಿಟ್ಟಳು. ಅವನ ಮುಖವನ್ನೇ ನೋಡಿದಳು, ತಮಾಷೆಯೋ ನಿಜವೋ ಅಂತ.

"ನಾ ಹಾಡೂದು ರೊಟ್ಟಿ ಬಡಿಯೂವಾಗ," ಅಂದಳು. "ರೊಟ್ಟಿ ಯಾವಾಗ ಬಡೀತೀನ್ರಿ? ನೀವು ಹೋದ ಮ್ಯಾಲೇನು? ಬುತ್ತಿ ಕಟ್ಟಿಸ್ಕೊಂಡು ಹೋಗೂರು ಯಾರು? ನೀವು ಅಲ್ಲೇ, ಆ ಗೋಡೆಗೆ ಆತು ಚಾ ಕುಡ್ಕೋಂತ ಕುಂತಿರ್ತೀರಿ. ಈ ಕೋಣ್ಯಾಗ ನಿಮ್ಮನ್ನ ಬಿಟ್ಟು ನಾ ಯಾರಿಗೆ ಹಾಡ್ಲಿ?"

"ಸುಳ್ಳು."

"ಸುಳ್ಳು?" ಅವಳ ದನಿ ಒಡೆಯಿತು. ಹಾಗೆ ಒಡೆದದ್ದು ಅವನಿಗೆ ತಿಳಿಯಲಿಲ್ಲ, ಗಂಟಲ ನರ ಉಬ್ಬಿದ್ದು ಕಾಣಿಸಿತು. "ಶೈಲಾ ಹೋದ ಮ್ಯಾಲ ನಾಕು ತಿಂಗಳು ನನಗ ಗಂಟ್ಲ ಏಳಲಿಲ್ಲ. ಐದನೇ ತಿಂಗಳು ಒಂದಿನ ತಾನ ಬಂತು. ಆಕಿ ಜೋಗುಳ ಬಂತ್ರಿ, ನಾ ಕಟ್ಟಿದ್ದು. ನೀವು ಹಿಂದ ಕುಂತಿದ್ರಿ. ಇದನ್ನ ಕೇಳಿದ್ರ ಇವತ್ತರ ಇವರಿಗೆ ಅಳು ಬರ್ತೈತಿ, ಇಬ್ರೂ ಕೂಡಿ ಅತ್ತು ಹಗರ ಆಗೂಣು ಅಂತ ಪೂರಾ ಹಾಡಿದೆ. ಹಾಡಿ ತಿರುಗಿ ನೋಡ್ತೀನಿ, ನೀವು ಚಾದ ಕಪ್ಪು ಕೆಳಗಿಟ್ಟು ಬುತ್ತಿ ತಗೊಂಡು ಹೊಂಟೇಬಿಟ್ರಿ. ಅವತ್ತ ತಿಳಕೊಂಡೆ, ಈ ಮನಷ್ಯಾಂದು ಕಲ್ಲು ಎದಿ ಅಂತ. ಆದ್ರೂ ಬಿಡಲಿಲ್ಲ ನಾ. ವರ್ಷ ವರ್ಷ ಆಕಿ ಹೋದ ದಿನ ಅದನ್ನ ಹಾಡೀನಿ. ಒಂದ ಸಲಾನೂ ನೀವು ತಲಿ ಎತ್ತಲಿಲ್ಲ."

ಭರಮಪ್ಪ ನಂಬಲಿಲ್ಲ. ನಂಬುವುದು ಹೇಗೆ? ತನ್ನ ಕಿವಿಯನ್ನು ಬಿಟ್ಟು ಹೆಂಡತಿಯ ಮಾತನ್ನೇ ನಂಬಬೇಕೆಂದರೆ ಯಾವ ಗಂಡಸಿಗಾದರೂ ಕಷ್ಟ. "ಹಂಗಿದ್ರ ಈಗ ಹಾಡು," ಅಂದ. "ಅದನ್ನ ಹಾಡು. ನಾ ಕೇಳ್ತೀನಿ."

ಅವಳಿಗೆ ಅವನ ಮುಖ ನೋಡುತ್ತ ಹಾಡುವುದು ಆಗದು. ಒಲೆಯ ಕಡೆ ತಿರುಗಿದಳು. ಭಾನುವಾರವಾದ್ದರಿಂದ ಶೆಡ್ಡುಗಳೆಲ್ಲ ಬಂದಾಗಿದ್ದವು, ಬೀದಿಯಲ್ಲೂ ಗದ್ದಲವಿರಲಿಲ್ಲ. ಭರಮಪ್ಪ ಗೋಡೆಗೆ ಒರಗಿ ಕೂತ. ಅವಳ ಬೆನ್ನು ಕಾಣುತ್ತಿತ್ತು, ಕಟ್ಟೆಯ ಅಂಚು ಹಿಡಿದ ಎಡಗೈ ಕಾಣುತ್ತಿತ್ತು. ಒಂದು ಸಲ ಅವಳ ಭುಜ ಮೇಲೆದ್ದು ಇಳಿಯಿತು. ಧೈರ್ಯ ತಂದುಕೊಳ್ಳುತ್ತಿದ್ದಾಳೆ ಅಂದುಕೊಂಡ. ಅವಸರ ಮಾಡಬಾರದು, ಎಂಟು ವರ್ಷ ಕಾದಿದ್ದೇನೆ, ಇನ್ನು ನಾಲ್ಕು ನಿಮಿಷ ಕಾಯಲಾರೆನೇ ಅಂದುಕೊಂಡ. ಕಾದ. ಅವಳು ತಿರುಗಲೂ ಇಲ್ಲ, ಹಾಡಲೂ ಇಲ್ಲ. ಸಿಟ್ಟೆಲ್ಲ ಇಳಿದು ಅವನಿಗೆ ಅವಳ ಮೇಲೆ ಕನಿಕರ ಬಂತು.

"ಶುರು ಮಾಡು," ಅಂದ ಮೆಲ್ಲಗೆ. "ನನ್ನ ಮುಂದ ಎಂಥಾ ನಾಚಿಕಿ?"

ಮಹಾನಂದಾ ತಿರುಗಿದಳು. ಗಲ್ಲವೆಲ್ಲ ಒದ್ದೆಯಾಗಿತ್ತು. ಏನೋ ಹೇಳಲು ಹೋಗಿ, ಕಾಯುತ್ತ ಕೂತ ಅವನ ಮುಖ ಕಂಡು ತಡೆದಳು. ಆ ಮುಖದಲ್ಲಿ ಕಲ್ಲೆದೆ ಇರಲಿಲ್ಲ. ಹಾಡಿಗಾಗಿ ಆಸೆಯಿಂದ ಕಾದವನ ಮುಖ ಅದು. ಎಂಟು ವರ್ಷ ತಾನು ಯಾರನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ ಅಂತ ಅವಳಿಗೆ ಆಗ ತಿಳಿಯಿತು.

"ಮುಗೀತ್ರೀ," ಅಂದಳು.

ಅವಳ ತುಟಿಯ ಮೇಲೆ ಆ ಮಾತು ಅವನಿಗೆ ಸ್ಪಷ್ಟವಾಗಿ ಕಂಡಿತು. ಏನು ಮುಗಿಯಿತು ಅಂತ ಕೇಳಲು ಬಾಯಿ ತೆರೆದ. ಕೇಳಲಿಲ್ಲ. ಕೈ ತಾನಾಗಿ ಕಿವಿಯ ಹತ್ತಿರ ಹೋಗಿ, ಕಿವಿಯನ್ನು ಮುಟ್ಟಿ, ಅಲ್ಲೇ ನಿಂತಿತು. ಈ ಎಂಟು ವರ್ಷ ಹೆಂಡತಿ ಬಾಯಿ ಮುಚ್ಚಿ ಕೂತಿರಲಿಲ್ಲ. ಶಿಕ್ಷೆಯನ್ನೂ ಕೊಟ್ಟಿರಲಿಲ್ಲ. ಬೇಡಿ ಬೇಡಿ ಬಯಸಿದ್ದು ಪ್ರತಿ ಬೆಳಗ್ಗೆ ತನ್ನಿಂದ ಎರಡು ಮಾರು ದೂರದಲ್ಲಿ ನಡೆಯುತ್ತಿತ್ತು, ತಾನು ಚಹಾ ಕುಡಿಯುತ್ತ ಕೂತಿದ್ದೆ. ಇನ್ನು ಅದು ಎಂದಿಗೂ ತನಗಿಲ್ಲ.

"ಪೂರಾ ಹಾಡಿದೇನು?" ಅಂದ.

ಅವಳು ಹೌದೆಂದು ತಲೆಯಾಡಿಸಿದಳು.

"ಅದರಾಗ ಶೈಲಾನ ಹೆಸರು ಬರ್ತೈತೇನು?"

ಮಹಾನಂದಾ ಅವನೆದುರು ಬಂದು ಮಂಡಿಯೂರಿದಳು. ತನ್ನ ಮುಖ ಅವನಿಗೆ ಚೆನ್ನಾಗಿ ಕಾಣುವ ಹಾಗೆ ಕೂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು: "ನಾಕು ಸಲ ಬರ್ತೈತ್ರಿ."

ಭರಮಪ್ಪ ಅತ್ತ. ಎಷ್ಟು ಜೋರಾಗಿ ಅಳುತ್ತಿದ್ದಾನೆ ಅನ್ನುವುದು ಅವನಿಗೆ ಗೊತ್ತಾಗಲಿಲ್ಲ. ವಠಾರದ ಬಾಗಿಲುಗಳು ಒಂದೊಂದಾಗಿ ತೆರೆದವು, ವೆಂಕಟಮ್ಮ ಕೊಟ್ಟಿಗೆಯಿಂದ ಓಡಿ ಬಂದಳು. ಬಾಗಿಲಲ್ಲಿ ನಿಂತು ನೋಡಿದರೆ ಗಂಡ ಹೆಂಡತಿ ನೆಲದ ಮೇಲೆ ಕೂತು, ಆ ದಿನವೇ ಮಗುವನ್ನು ಮಣ್ಣು ಮಾಡಿ ಬಂದವರ ಹಾಗೆ ಅಳುತ್ತಿದ್ದರು. ಏನಾಯಿತು ಅಂತ ಕೇಳದೆ ಅವಳು ಬಾಗಿಲು ಎಳೆದುಕೊಂಡು ಹೋದಳು.